ಮಾರೆಮ್ಮನ ಬೋಗುಣಿ ಮಾಡಿದ ಅಪರಾಧವೇನು?

ಮಾನ್ಯ ಚುನಾವಣಾಧಿಕಾರಿಗಳೇ,

ಕುರುಗೋಡಿನ ನಮ್ಮ ವಾರ್ಡಿನ ಮಾರೆಮ್ಮನವರ ಬೋಗುಣಿ ಇನ್ನೂ ತಮ್ಮ ವಶದಲ್ಲಿದೆ. ಮತದಾನ ಮುಗಿಯಿತು, ಎಣಿಕೆ ಮುಗಿಯಿತು, ನಮ್ಮ ಬ್ಯಾನರುಗಳನ್ನು ಜನ ದನದ ಕೊಟ್ಟಿಗೆಗೆ ಹೊದಿಸಿಯೂ ಆಯಿತು. ಬೋಗುಣಿಗೆ ಮಾತ್ರ ಬಿಡುಗಡೆಯಿಲ್ಲ. ಅದರಿಂದ ಪ್ರಜಾಪ್ರಭುತ್ವಕ್ಕೆ ಇನ್ನೂ ಏನು ಅಪಾಯವಿದೆ?

ನಾನು ಪಕ್ಷೇತರ ಅಭ್ಯರ್ಥಿಯಾಗಿ ನಿಂತವಳು, ವೃತ್ತಿಯಲ್ಲಿ ಟೈಲರ್. ಎದುರಾಳಿ ತಿಪ್ಪೇಶ ನಮ್ಮ ಓಣಿಯವರೇ. ಅರ್ಧ ಓಣಿ ಅವರ ನೆಂಟರು, ಇನ್ನರ್ಧ ನನ್ನ ಗಿರಾಕಿಗಳು. ಒಂದು ಮನೆಯನ್ನೂ ಬಿಡುವಂತಿರಲಿಲ್ಲ. ತಾವು ಎಂದಾದರೂ ಮನೆ ಮನೆಗೆ ಹೋಗಿ ಮತ ಕೇಳಿದ್ದೀರಾ? ಒಂದು ಮನೆಯಲ್ಲಿ ಚಹಾ ಕುಡಿದು ಪಕ್ಕದ ಮನೆಯಲ್ಲಿ ಬೇಡವೆಂದರೆ ಆ ಮನೆಯ ಮತಗಳೆಲ್ಲ ಕೈತಪ್ಪಿದಂತೆ. ಎಲ್ಲ ಕಡೆ ಕುಡಿದೆ. ಕರಪತ್ರ ಕೊಟ್ಟರೆ, "ಇದಿರ್ಲಿ, ನನ್ನ ಬ್ಲೌಸ್ ಯಾವಾಗ ಕೊಡ್ತಿ?" ಅಂದರು.

ಪ್ರಚಾರದ ಕೊನೆಯ ಸಂಜೆ ಮಾರೆಮ್ಮನವರ ಮನೆಗೆ ಹೋದೆ. ಅವರು ಹತ್ತಿ ಬಿಡಿಸಿ ಬಂದ ಹೆಣ್ಣಾಳುಗಳಿಗೆಂದು ಬೋಗುಣಿ ತುಂಬ ಮಂಡಕ್ಕಿ ಒಗ್ಗರಣೆ ಮಾಡಿಟ್ಟಿದ್ದರು. ನನ್ನ ಬಾಡಿದ ಮುಖ ನೋಡಿ ನನಗೂ ಒಂದು ತಟ್ಟೆ ಕೊಟ್ಟರು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ತಮ್ಮ ಸಂಚಾರಿ ದಳ ಕ್ಯಾಮೆರಾ ಸಮೇತ ಹಾಜರು. ನಾನು ಮತದಾರರಿಗೆ ಊಟದ ಆಮಿಷ ಒಡ್ಡುತ್ತಿದ್ದೆನಂತೆ!

ಮಾರೆಮ್ಮ ಎದ್ದು ನಿಂತರು. "ಕಣ್ಣು ಕಾಣಂಗಿಲ್ಲೇನ್ರಿ ಸಾಹೇಬ್ರ? ತಿನ್ನಾಕಿ ಆಕಿ, ನೀಡಾಕಿ ನಾನು. ನಾ ಆಕಿಗೆ ಓಟ್ ಹಾಕಾಕಿನೂ ಅಲ್ಲ. ತಿಪ್ಪೇಶ ನಮ್ಮಣ್ಣನ ಮಗ ಅದಾನ. ಹಸದಾಳಂತ ಕೊಟ್ಟೀನಿ."

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಸಿಗುತ್ತಿರಲಿಲ್ಲ. ಇದಕ್ಕಿಂತ ಕೆಟ್ಟ ಸುದ್ದಿಯೂ ಇರಲಿಲ್ಲ. ದಳದವರು ಕಿವಿಗೆ ಹಾಕಿಕೊಳ್ಳದೆ ಬೋಗುಣಿಯನ್ನು ಮುಟ್ಟುಗೋಲು ಹಾಕಿ ಜೀಪಿಗೇರಿಸಿದರು. ಹೆಣ್ಣಾಳುಗಳು ಹಸಿದೇ ಮನೆಗೆ ಹೋದರು. ಒಳಗಿದ್ದ ಒಗ್ಗರಣೆ ಯಾರ ಹೊಟ್ಟೆಗೆ ಹೋಯಿತೆಂದು ನಾನು ಕೇಳುವುದಿಲ್ಲ. ಸಾಕ್ಷ್ಯನಾಶ ಎನ್ನುವುದು ದೊಡ್ಡ ಮಾತು.

ನಾನು ಒಂದೇ ಮತದಿಂದ ಗೆದ್ದೆ. ಹಾರ ತೆಗೆಯುವ ಮೊದಲೇ ಮಾರೆಮ್ಮ ಬಂದರು. "ಆ ಜೀಪಿನವ್ರ ಮ್ಯಾಲಿನ ಸಿಟ್ಟಿಗೆ ನಿನಗ ಓಟ್ ಹಾಕೀನವ್ವ. ಹೋಗು, ನನ್ನ ಬೋಗುಣಿ ತಗಂಬಾ."

ತಮ್ಮ ಕಚೇರಿಗೆ ಅಲೆದೆ. "ಪ್ರಕರಣ ಇತ್ಯರ್ಥವಾಗಲಿ" ಎಂದರು. ಬೇಸತ್ತು ಬಳ್ಳಾರಿಗೆ ಹೋಗಿ ಹೊಸ ಬೋಗುಣಿ ತಂದು ಅವರ ಮುಂದಿಟ್ಟೆ. ಮಾರೆಮ್ಮ ಅದನ್ನು ಮುಟ್ಟಲಿಲ್ಲ.

"ಓಟ್ ಹಾಕಿ ನಿನ್ನ ಕಡಿಂದ ಇದನ್ನ ತಗಂಡ್ರ ಆ ಜೀಪಿನವ್ರು ಹೇಳಿದ್ದು ಖರೆ ಆಕೈತಿ. ಹೋಗವ್ವ, ತಗಂಡು ಹೋಗು."

ಅಲ್ಲಿಯವರೆಗೆ ಇದನ್ನೆಲ್ಲ ತಮಾಷೆಯೆಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ತಮ್ಮ ಪಾಲೂ ಇದೆ ಎಂದು ಈ ಪತ್ರ.

ಆದ್ದರಿಂದ, ಅದೇ ಬೋಗುಣಿಯನ್ನು ಅದೇ ಜೀಪಿನಲ್ಲಿ, ಅದೇ ಕ್ಯಾಮೆರಾ ಹಿಡಿದು, ಓಣಿಯವರೆಲ್ಲ ನೋಡುವ ಹೊತ್ತಿನಲ್ಲಿ ತಂದು, ತಪ್ಪಾಯಿತೆಂದು ಹೇಳಿ ಕೊಡತಕ್ಕದ್ದು. ಹಸಿದು ಬಂದರೂ ಅಡ್ಡಿಯಿಲ್ಲ. ಯಾರ ಕಡೆಯವರೆಂದು ಕೇಳಿ ತಟ್ಟೆ ಇಡುವ ಪದ್ಧತಿ ಆ ಮನೆಯಲ್ಲಿಲ್ಲ.

ಇಂತಿ,
ಬೀದಿದೀಪ ಕೇಳುವ ಮೊದಲು ಬೋಗುಣಿ ಕೇಳಬೇಕಾಗಿ ಬಂದ ಪುರಸಭಾ ಸದಸ್ಯೆ,
ಸುಧಾರಾಣಿ, ಟೈಲರ್
(ಬ್ಲೌಸುಗಳು ಮುಂದಿನ ವಾರ ಖಂಡಿತ)