ಎಡಗಣ್ಣಿಗೆ ಇಟ್ಟ ಭೂತಗನ್ನಡಿ

ಮುನಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿರುವ ಅಕ್ಕನಿಗೆ,

ಡಾಕ್ಟರಿಗೆ ಚಾಡಿ ಹೇಳಿದ್ದು ನಾನೇ. ಪಾಪ, ನರ್ಸಮ್ಮನ ಮೇಲೆ ಅನುಮಾನ ಪಡಬೇಡ.

ಹೊಟ್ಟೆಯ ಆಪರೇಷನ್ ಆದಮೇಲೆ ನಿನ್ನ ಕುತ್ತಿಗೆಯ ನರಕ್ಕೆ ನಳಿಕೆ ಹಾಕಿ ಹತ್ತು ದಿನ ಔಷಧಿ ಬಿಟ್ಟರು. ಆಮೇಲೆ ಇಳಿಯದ ಜ್ವರ. "ರಕ್ತಕ್ಕೆ ಫಂಗಸ್ ಸೇರಿದೆ" ಅಂದರು ಡಾಕ್ಟರು. ಹಳೇ ಬ್ರೆಡ್ಡಿಗೆ ಹಿಡಿಯುವ ಬೂಷ್ಟಿನ ಜಾತಿಯದ್ದು ಮನುಷ್ಯರ ರಕ್ತದಲ್ಲಿ ಬೆಳೆಯುತ್ತದೆ ಅಂದರೆ ಯಾರು ನಂಬುತ್ತಾರೆ? ನನಗೆ ಎಲ್ಲರ ಮೇಲೂ ಅನುಮಾನ. ನರ್ಸಮ್ಮ ಕೈ ತೊಳೆದರಾ ಎಂದು ನೋಡುತ್ತಿದ್ದೆ, ಪ್ರತಿ ಬಾಟಲಿಯ ತಾರೀಖು ಓದುತ್ತಿದ್ದೆ. "ಶಾಲೆಯಲ್ಲಿ ಒಂದು ಪೀರಿಯಡ್ ಕೂರಲಾರದೆ ಓಡಿಬಂದವಳು ಇಲ್ಲಿ ಇನ್ಸ್‌ಪೆಕ್ಟರ್ ಆಗಿದ್ದಾಳೆ ನೋಡಿ" ಎಂದು ನೀನು ಆಡಿಕೊಂಡೆ. ವಾರ್ಡೆಲ್ಲ ನಕ್ಕಿತು.

ನಳಿಕೆ ತೆಗೆದರು, ಜ್ವರ ಬಿಟ್ಟಿತು, ರಕ್ತ ಸರಿಯಾಗಿದೆ ಎಂದು ರಿಪೋರ್ಟೂ ಬಂತು. ಆದರೂ ಡಾಕ್ಟರು, ರಕ್ತದಲ್ಲಿ ಓಡಾಡಿದ್ದು ಕಣ್ಣಿಗೂ ಹೋಗಿ ಕೂತಿರಬಹುದು, ಕಣ್ಣಿನ ಡಾಕ್ಟರು ನೋಡಲೇಬೇಕು ಅಂದರು. "ನನ್ನ ಕಣ್ಣಿಗೇನು ಧಾಡಿ? ಚೆನ್ನಾಗಿದೆ" ಅಂದೆ ನೀನು, ತಟ್ಟನೆ. ತಟ್ಟನೆ ಉತ್ತರ ಕೊಡುವವಳಾ ನೀನು? ನಮ್ಮ ರಿಪೇರಿ ಅಂಗಡಿಗೆ ಬಂದವರು ವಾಚು ಯಾವಾಗ ರೆಡಿ ಎಂದು ಕೇಳಿದರೂ ಎರಡು ಸಲ ಕೆಮ್ಮುತ್ತೀಯ. ಅಲ್ಲಿಂದ ನನ್ನ ಅನುಮಾನ ನಿನ್ನ ಕಡೆ ತಿರುಗಿತು.

ನಿನ್ನೆ ಬೆಳಿಗ್ಗೆ ನರ್ಸಮ್ಮ ನಿಂತುಹೋದ ತಮ್ಮ ವಾಚು ತಂದುಕೊಟ್ಟರು. ನೀನು ದಿಂಬಿನಡಿಯಿಂದ ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಭೂತಗನ್ನಡಿ ತೆಗೆದು ಎಡಗಣ್ಣಿಗೆ ಸಿಕ್ಕಿಸಿಕೊಂಡೆ. ಅಕ್ಕಾ, ಹದಿನಾಲ್ಕು ವರ್ಷ ಅದು ಬಲಗಣ್ಣಿನ ಸ್ವತ್ತು. ಆ ಕಣ್ಣಿನ ಸುತ್ತ ಉಂಗುರದ ಹಾಗೆ ಗುರುತೇ ಬಿದ್ದಿದೆ. ಸ್ಕ್ರೂ ಮೂರು ಸಲ ಹೊದಿಕೆಯ ಮೇಲೆ ಬಿತ್ತು. "ಕೈ ನಡುಕ ಕಣೇ" ಅಂದೆ. ನಾನು ಕೈ ನೋಡಿದೆ. ನಡುಗುತ್ತಿರಲಿಲ್ಲ.

ಮಧ್ಯಾಹ್ನ ನೀನು, ನಮ್ಮದೇ ಜವಾಬ್ದಾರಿ ಎಂದು ಸಹಿ ಹಾಕಿ ಮನೆಗೆ ಹೋಗೋಣ, ಬಟ್ಟೆ ತುಂಬು ಅಂದೆ. ಕಣ್ಣು ಕೆಟ್ಟಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಕಸುಬೂ ಮುಗಿಯಿತು ಎಂಬ ಹೆದರಿಕೆ ನಿನಗೆ. ನನಗೂ ಇತ್ತು. ಆದರೂ ನಾನು ಬಟ್ಟೆ ತುಂಬಲಿಲ್ಲ, ಹೋಗಿ ಡಾಕ್ಟರಿಗೆ ಭೂತಗನ್ನಡಿಯ ಕತೆ ಹೇಳಿದೆ.

ಕಣ್ಣಿನ ಡಾಕ್ಟರು ಬಂದು ನೋಡಿದಾಗ ನಿನ್ನ ಬಲಗಣ್ಣಿನೊಳಗೆ ಎರಡು ಬಿಳಿ ಮಚ್ಚೆ ಸಿಕ್ಕಿವೆ, ಸುತ್ತ ಮಬ್ಬು ಕವಿದಿದೆ. ನೋಟದ ನಟ್ಟನಡುವಿಗೆ ಇನ್ನೂ ತಾಗಿಲ್ಲವಂತೆ. "ಕಣ್ಣು ಉಳಿಯುತ್ತಾ?" ಅಂತ ನಾನು ಕೇಳಿದೆ. "ಬೇಗ ಹೇಳಿದ್ದು ಒಳ್ಳೆಯದಾಯಿತು, ನೋಡೋಣ" ಅಂದರು ಕಣ್ಣಿನ ಡಾಕ್ಟರು. ಆ 'ನೋಡೋಣ'ದ ಮೇಲೂ ನನಗೆ ಅನುಮಾನವೇ.

ಭೂತಗನ್ನಡಿ ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ಚಿಕಿತ್ಸೆ ಮುಗಿದ ದಿನ ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದೆ ಅನ್ನುತ್ತೀಯ. ಅದನ್ನು ಯಾವ ಕಣ್ಣಿಗೆ ಇಟ್ಟುಕೊಳ್ಳುತ್ತೀಯ ಎಂದು ಬಾಗಿಲಲ್ಲಿ ನಿಂತು ನೋಡುತ್ತೇನೆ, ಅಷ್ಟೇ.

ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ನಿನ್ನ ಎರಡೂ ಕಣ್ಣು ನಿನಗೇ ಉಳಿಯಲಿ.

ಬೈಸಿಕೊಳ್ಳಲು ಹೊರಗಿನ ಬೆಂಚಿನ ಮೇಲೆ ಕಾಯುತ್ತಿರುವ,
ನಿನ್ನ ಚಾಡಿಕೋರಿ ತಂಗಿ