ಕೆಂಪು ಗಾಡಿಗಳಿಗೆ ಕೈ ಬೀಸಿದೆ

ಪುಣೆ, ಮಂಗಳವಾರ

ವೈನಿ, ನಿಮ್ಮ ನಾದಿನಿಯ ನಮಸ್ಕಾರ. ದಿಲ್ಲಿಯಿಂದ ಹುಬ್ಬಳ್ಳಿಗೆ ಹೊರಟ ನಮ್ಮ ವಿಮಾನ ನಿನ್ನೆ ಪುಣೆಯಲ್ಲಿ ಇಳಿದುಬಿಟ್ಟಿತು. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ, ಅದಕ್ಕೇ ಈ ಕಾರ್ಡು.

ಏನೋ ತಾಂತ್ರಿಕ ದೋಷ ಎಂದಷ್ಟೇ ಮೈಕಿನಲ್ಲಿ ಹೇಳಿದ್ದರು. ವಿಮಾನ ಇಳಿದು ನಿಲ್ಲುತ್ತಿದ್ದಂತೆ ನಾಲ್ಕು ದೊಡ್ಡ ಕೆಂಪು ಗಾಡಿಗಳು ದೀಪ ಮಿನುಗಿಸುತ್ತ ಬಂದು ಸುತ್ತುವರಿದವು. ನಮ್ಮ ವಿಮಾನದಲ್ಲಿ ಯಾರೋ ಮಂತ್ರಿ ಇರಬೇಕು, ಎದುರುಗೊಳ್ಳಲು ಬಂದಿದ್ದಾರೆ ಎಂದುಕೊಂಡು ನಾನೂ ಕಿಟಕಿಯಿಂದ ಕೈ ಬೀಸಿದೆ. ಪಕ್ಕದ ಸೀಟಿನ ಧಾರವಾಡದ ಮಾಸ್ತರರು ಬೆವತುಹೋಗಿದ್ದರು. "ಅಕ್ಕಾರ, ಅವು ಸ್ವಾಗತಕ್ಕ ಬಂದದ್ದಲ್ರಿ. ಒಂದು ಎಂಜಿನ್ ಬಂದ್ ಬಿದ್ದದ. ನಮಗ ಬೆಂಕಿ ಹತ್ತಿದ್ರ ಆರಸಾಕ ಬಂದಾವ್ರಿ," ಅಂದರು. ಬೀಸುತ್ತಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಬಿ.ಪಿ. ಗುಳಿಗೆ ಇಲ್ಲೇ ಕೊಂಡು ನುಂಗಿದ್ದೇನೆ, ಈಗ ಆರಾಮ. ಬೇರೆ ವಿಮಾನ ಕೊಡುತ್ತಾರಂತೆ, ನನಗೆ ಬೇಡವೇ ಬೇಡ. ನಾಳೆ ಸ್ವಾರಗೇಟಿನಿಂದ ಬಸ್ಸು ಹಿಡಿಯುತ್ತೇನೆ. ಈ ಕಾರ್ಡಿಗಿಂತ ಮೊದಲೇ ಮನೆ ಸೇರಿರುತ್ತೇನೆ. ಆದರೂ ನೀವು ಇದನ್ನೇ ಓದಿಕೊಳ್ಳಿ, ನನ್ನ ಬಾಯಿಂದ ಹೇಳಿಸಬೇಡಿ.

ಒಂದು ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ನೀರಿನ ಪೈಪನ್ನು ನಮ್ಮತ್ತಲೇ ಗುರಿ ಹಿಡಿದು ನಿಂತಿದ್ದವನೊಬ್ಬ, ನನಗೆ ತಿರುಗಿ ಕೈ ಬೀಸಿದ್ದ, ವೈನಿ.

ನಿಮ್ಮ ನೀಲವ್ವ