ದೋಣಿ ತಳ್ಳಿದವರು

ಮಾರ್ಚ್ ೧೧, ಮಂಗಳವಾರ

ನನ್ನ ಹೊಸ ಕಾದಂಬರಿಯ ಬಗ್ಗೆ ಸಂಪಾದಕಿ ಆಡಿದ ಮಾತು ಬೆಳಗಿನಿಂದ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿದೆ. "ಹುಡುಗಿ ದ್ವೀಪ ಬಿಟ್ಟು ಓಡಿಹೋಗೋವಾಗ ಒಬ್ಬಳೇ ಇರ್ಲಿ ಮೇಡಂ. ಅವಳಮ್ಮ ಬಂದು ದೋಣಿ ತಳ್ಳೋದು ಬೇಡ. ಓದೋರಿಗೆ ಮಜಾ ಇರಲ್ಲ."

ಮಜಾ ಅಂತೆ! ಇವಳು ದೋಣಿ ನೋಡಿದ್ದು ಬರೀ ಕ್ಯಾಲೆಂಡರಿನಲ್ಲಿ. ನೀರು ಇಳಿದಾಗ ನಮ್ಮ ದ್ವೀಪದ ದೋಣಿಗಳು ಮರಳಿನಲ್ಲಿ ಕೂತುಬಿಡುತ್ತಿದ್ದವು. ಹಿಂದಿನಿಂದ ಯಾರಾದರೂ ತಳ್ಳದಿದ್ದರೆ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ನಮ್ಮೂರಲ್ಲಿ ಓಡಿಹೋಗೋಕೂ ಜನ ಬೇಕು ಕಣೇ!"

ಆ ಅಧ್ಯಾಯದ ಒಂದಕ್ಷರವನ್ನೂ ಮುಟ್ಟುವುದಿಲ್ಲ. ನಾಲ್ಕು ಕಾದಂಬರಿ ಬರೆದವಳಿಗೆ ಯಾವುದು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂಬುದು ಗೊತ್ತಾಗುತ್ತದೆ. ನಾಳೆ ಖಡಾಖಂಡಿತವಾಗಿ ಹೇಳುತ್ತೇನೆ. ಕಾರಣ ಕೇಳಿದರೆ ಮರಳಿನ ವಿಷಯ ಹೇಳಿದರೆ ಸಾಕು.

ಉಳಿದದ್ದು ಅಕ್ಕನಿಗೂ ಗೊತ್ತಿಲ್ಲ. ನಾನು ಊರು ಬಿಟ್ಟ ಬೆಳಿಗ್ಗೆ ಅಮ್ಮ ದಾರಿಯುದ್ದಕ್ಕೂ "ಹೋಗ್ಬೇಡ, ಹಾಳಾಗ್ತೀಯ" ಎಂದು ಬೈಯುತ್ತಲೇ ಬಂದಳು. ದೋಣಿಯ ಹತ್ತಿರ ಬೇರೆ ಯಾರೂ ಇರಲಿಲ್ಲ. ಮರಳಿನಲ್ಲಿ ಕೂತ ದೋಣಿಯನ್ನೊಮ್ಮೆ ನೋಡಿದಳು. ಆಮೇಲೆ ಬಟ್ಟೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈಯುತ್ತಲೇ ತಳ್ಳಿದಳು, ದೋಣಿ ತೇಲುವವರೆಗೂ.